ಬಿಸಿಲಿಗೂ ಜಾಲಿಮುಳ್ಳಿಗೂ ತಡೆಯುವ ಫ್ಲೋಟ್ ಟ್ಯೂಬ್: ಆರಿಸುವುದು, ಪರೀಕ್ಷಿಸುವುದು, ಉಳಿಸಿಕೊಳ್ಳುವುದು

ಲಾರಿ ಟ್ಯೂಬಿನ ಮೇಲೆ ಕೂತು, ಕೈಯನ್ನೇ ಹುಟ್ಟು ಮಾಡಿಕೊಂಡು ಬಲೆ ಬಿಡುವವರನ್ನು ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರಿನ ಕಡೆ ಓಡಾಡಿದವರು ನೋಡಿರುತ್ತಾರೆ. ಅದೇ ಉಪಾಯಕ್ಕೆ ಕೂಡುವ ಆಸನ, ಬೆನ್ನಿಗೆ ಆಸರೆ, ಗಾಳದ ಸಾಮಾನಿಗೆ ಜೇಬು ಸೇರಿದರೆ ಫ್ಲೋಟ್ ಟ್ಯೂಬ್. ಕೂತವರ ಕಾಲು ನೀರಿನೊಳಗೇ ಇರುತ್ತದೆ. ಪಾದಕ್ಕೆ ಕಟ್ಟಿಕೊಂಡ, ಬಾತುಕೋಳಿ ಪಾದದಂಥ ಅಗಲವಾದ ಫಿನ್ ಒದೆಯುತ್ತ ಬೆನ್ನು ಮುಂದಾಗಿ ಸಾಗಬೇಕು. ಕೈ ಎರಡೂ ಗಾಳಕ್ಕೆ ಬಿಡುವು.

ಕೊಳ್ಳಲು ಹೊರಟರೆ ಮಾರುವವರು ಮೊದಲು ತೋರಿಸುವುದು ಬಟ್ಟೆಯ ದಪ್ಪ. 600 ಡೆನಿಯರ್, 1000 ಡೆನಿಯರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಂಥ ಬಿರುಬಿಸಿಲಿನ ಸೀಮೆಯಲ್ಲಿ ಟ್ಯೂಬು ಕೆಡುವ ಜಾಗವೇ ಬೇರೆ: ಹೊಲಿಗೆ ಬಿಚ್ಚುತ್ತದೆ, ಜಿಪ್ ಸಿಡಿಯುತ್ತದೆ, ವಾಲ್ವಿನ ಬುಡದಲ್ಲಿ ಹವಾ ಸೋರುತ್ತದೆ, ತಳಕ್ಕೆ ಜಾಲಿಮುಳ್ಳು ನಾಟುತ್ತದೆ. ಹಾಗಾಗಿ ನೋಡುವ ಕ್ರಮವನ್ನು ತಿರುವಿ ಹಾಕಿ. ಜೋಡಣೆ ಮೊದಲು, ಹವಾ ಹಿಡಿಯುವ ಚೀಲ ಆಮೇಲೆ, ವಾಲ್ವ್ ಅದರ ನಂತರ, ಬಟ್ಟೆಯ ದಪ್ಪ ಕೊನೆಗೆ.

ಹಂತ 1: ಯಾವ ನೀರಿಗೆ?

ಫ್ಲೋಟ್ ಟ್ಯೂಬ್ ನಿಂತ ನೀರಿನ ಸಾಧನ. ಹಿಪ್ಪರಗಾ ಕೆರೆ, ಹೋಟಗಿ ಕೆರೆ, ಬೋರಿ ನದಿಗೆ ಕಟ್ಟಿದ ಕುರನೂರ ಜಲಾಶಯದಂಥ ಕಡೆ ದಂಡೆಯ ಆಸುಪಾಸು ಕೂತು ಜಿಲೇಬಿ ಮೀನು (ಉಜನಿಯ ಮಂದಿ ಚಿಲಾಪಿ ಎನ್ನುವುದು ಇದನ್ನೇ), ಮರಳ್, ಕಟ್ಲಾ ಹಿಡಿಯಲು ಸರಿ. ಹರಿಯುವ ಹೊಳೆಗೆ ಯಾವ ಕಾರಣಕ್ಕೂ ಬೇಡ. ಸೆಳವಿನಲ್ಲಿ ಕಾಲು ಬಂಡೆಗೋ ಬೇರಿಗೋ ಸಿಕ್ಕರೆ ಟ್ಯೂಬು ಮುಂದೆ ಹೋಗುತ್ತದೆ, ಕೂತವರು ಮುಗುಚುತ್ತಾರೆ. ಸಾಂಗ್ಲಿ ಕಡೆಯ ಕೃಷ್ಣೆಯಲ್ಲಿ ಇನ್ನೊಂದು ಕಾರಣವೂ ಇದೆ, ಅಲ್ಲಿ ಮೊಸಳೆಗಳಿವೆ. ಕಾಲು ಇಳಿಬಿಟ್ಟು ಕೂಡುವ ಸಾಧನ ಆ ನೀರಿಗೆ ಹೇಳಿದ್ದಲ್ಲ. ಜಲಾಶಯದ ಗೇಟು, ಕಾಲುವೆಯ ಬಾಯಿ, ಏತ ನೀರಾವರಿಯ ಪಂಪು ನೀರೆಳೆಯುವ ಜಾಗಗಳಿಂದಲೂ ದೂರವಿರಿ.

ಅನುಮತಿಯ ಮಾತನ್ನು ಕೊಳ್ಳುವ ಮುಂಚೆಯೇ ಮುಗಿಸಿಕೊಳ್ಳಿ. ಮಹಾರಾಷ್ಟ್ರದಲ್ಲಿ ಬಹಳಷ್ಟು ಕೆರೆ, ಜಲಾಶಯಗಳ ಮೀನು ಹಿಡಿಯುವ ಹಕ್ಕು ಮೀನುಗಾರರ ಸಹಕಾರ ಸಂಘಗಳ ಗುತ್ತಿಗೆಯಲ್ಲಿರುತ್ತದೆ. ಸಂಘದವರನ್ನು ಕೇಳಿದರೆ ಬಲೆ ಎಲ್ಲಿ ಬಿಟ್ಟಿದ್ದಾರೆ ಎಂಬುದೂ ತಿಳಿಯುತ್ತದೆ. ಅದು ನಿಮ್ಮ ಕಾಲಿಗೆ ಬೇಕಾದ ಮಾಹಿತಿ.

ಹಂತ 2: ಭಾರ ಹೊರುವ ಶಕ್ತಿಯನ್ನು ನೀವೇ ಲೆಕ್ಕ ಹಾಕಿ

ಚೀಟಿಯ ಮೇಲೆ 150 ಕಿಲೋ ಎಂದು ಬರೆದಿದ್ದರೆ ಅದನ್ನೇ ನಂಬಿ ಕೂಡಬೇಡಿ. ಒಂದು ಲೀಟರ್ ಹವಾ ನೀರಿನೊಳಗೆ ಮುಳುಗಿದರೆ ಹೆಚ್ಚುಕಡಿಮೆ ಒಂದು ಕಿಲೋ ಎತ್ತುತ್ತದೆ. ಟ್ಯೂಬಿನೊಳಗೆ ಎಷ್ಟು ಲೀಟರ್ ಇದೆ ಎಂದು ಅಳೆಯಲು ಟೇಲರ್ ಟೇಪು ಸಾಕು.

ಹವಾ ತುಂಬಿದ ಟ್ಯೂಬಿನ ದಪ್ಪದ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ 12.6ರಿಂದ ಭಾಗಿಸಿ. ಬಂದದ್ದನ್ನು ಟ್ಯೂಬಿನ ಒಟ್ಟು ಉದ್ದದಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. ಉದಾಹರಣೆಗೆ ಸುತ್ತಳತೆ 90 ಸೆಂ.ಮೀ., ಕೂತವರ ಎಡಬಲದ ಎರಡೂ ತೋಳು ಮತ್ತು ಹಿಂಬದಿ ಸೇರಿ ಉದ್ದ 300 ಸೆಂ.ಮೀ. ಇದ್ದರೆ 8100ನ್ನು 12.6ರಿಂದ ಭಾಗಿಸಿದಾಗ ಸುಮಾರು 643, ಅದಕ್ಕೆ 300 ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 193 ಲೀಟರ್. ತುದಿಗಳು ಚೂಪಾಗಿದ್ದರೆ ಹತ್ತು ಹದಿನೈದು ಲೀಟರ್ ಕಳೆಯಿರಿ.

ಈಗ ನಿಮ್ಮ ಕಡೆಯ ಲೆಕ್ಕ. ಮೈಭಾರ 75 ಕಿಲೋ, ಒದ್ದೆ ಬಟ್ಟೆ, ಬೂಟು, ಫಿನ್ 5, ಗಾಳದ ಸಾಮಾನು ಮತ್ತು ನೀರಿನ ಬಾಟಲಿ 5, ಹಿಡಿದ ಮೀನು 5 ಎಂದರೆ 90. ಕಾಲು, ಸೊಂಟ ನೀರಿನಲ್ಲಿರುವುದರಿಂದ ನಿಜವಾಗಿ ಬೀಳುವ ಭಾರ ಇದಕ್ಕಿಂತ ಕಡಿಮೆ. ಆ ಲಾಭವನ್ನು ಲೆಕ್ಕದಲ್ಲಿ ಸೇರಿಸದೆ ಬಿಡಿ. ಒಟ್ಟು ಭಾರದ ಒಂದೂವರೆ ಪಟ್ಟು, ಅಂದರೆ ಇಲ್ಲಿ 135 ಕಿಲೋ ಹೊರುವ ಟ್ಯೂಬು ಬೇಕು. ಕಡಿಮೆ ಶಕ್ತಿಯ ಟ್ಯೂಬಿನಲ್ಲಿ ತೇಲುವುದೇನೋ ತೇಲುತ್ತೀರಿ, ಆದರೆ ಆಳವಾಗಿ ಕೂಡುತ್ತೀರಿ. ಒದೆಯುವಾಗ ಎಳೆತ ಹೆಚ್ಚಿ ಅರ್ಧ ಗಂಟೆಗೆ ತೊಡೆ ಸೋಲುತ್ತದೆ. ಹೊಲಿಗೆಯ ಮೇಲೆ ಬೀಳುವ ಜಗ್ಗೂ ಹೆಚ್ಚುತ್ತದೆ.

ಒಂದು ಷರತ್ತಿನಲ್ಲಿ ರಿಯಾಯಿತಿ ಕೊಡಬೇಡಿ: ಹವಾ ಕೋಣೆ ಕನಿಷ್ಠ ಎರಡು, ಪ್ರತಿಯೊಂದಕ್ಕೂ ಪ್ರತ್ಯೇಕ ವಾಲ್ವ್. ಎಡ ತೋಳು ಒಡೆದರೂ ಬಲ ತೋಳು, ಆಸನ ಮತ್ತು ಲೈಫ್ ಜಾಕೆಟ್ ಸೇರಿ ದಂಡೆ ಮುಟ್ಟಿಸಬೇಕು. ಕೆಲವು ಅಗ್ಗದ ಮಾಲಿನಲ್ಲಿ ವಾಲ್ವ್ ಎರಡಿದ್ದರೂ ಒಳಗೆ ಕೋಣೆ ಒಂದೇ. ಒಂದು ವಾಲ್ವಿನಿಂದ ಹವಾ ತುಂಬಿ, ಇನ್ನೊಂದು ಬದಿಯೂ ಉಬ್ಬುತ್ತದೆಯೇ ನೋಡಿದರೆ ಗುಟ್ಟು ಗೊತ್ತಾಗುತ್ತದೆ.

ಹಂತ 3: ಆಕಾರ

ದುಂಡನೆಯದು ಅಗ್ಗ, ಬಾಳಿಕೆಯೂ ಚೆನ್ನ. ಹತ್ತುವುದು, ಇಳಿಯುವುದು ಮಾತ್ರ ಕಷ್ಟ. ಕಾಲನ್ನು ನಡುವಿನ ರಂಧ್ರದೊಳಗೆ ತೂರಿಸಿ ಕೂಡಬೇಕಾಗುತ್ತದೆ, ಅವಸರದಲ್ಲಿ ಹೊರಬರಲಾಗದು. ಯು ಆಕಾರದ್ದಕ್ಕೆ ಮುಂದೆ ಬಾಯಿ ತೆರೆದಿರುತ್ತದೆ, ಕೂಡುವುದು ಸಲೀಸು. ವಿ ಆಕಾರದ್ದು ನೀರು ಸೀಳಿಕೊಂಡು ನೆಟ್ಟಗೆ ಸಾಗುತ್ತದೆ. ಗಾಳಿಯಿರುವ ದೊಡ್ಡ ಜಲಾಶಯಕ್ಕೆ ಅದೇ ಮೇಲು. ಯು, ವಿ ಎರಡರಲ್ಲೂ ತೋಳುಗಳು ಅಗಲಿಸದಂತೆ ಮುಂದೆ ಅಡ್ಡಪಟ್ಟಿ ಇರುತ್ತದೆ. ಅದರ ಬಕಲ್ ಒಂದೇ ಕೈಯಲ್ಲಿ, ಕಣ್ಣು ಮುಚ್ಚಿಕೊಂಡು ಬಿಚ್ಚಲು ಬರುವಂತಿರಬೇಕು.

ಹಂತ 4: ಒಳಚೀಲದ್ದೋ, ಏಕಪದರದ್ದೋ?

ಎರಡು ಬಗೆಯ ಕಟ್ಟಣೆ ಇದೆ. ಒಂದರಲ್ಲಿ ಹೊರಗೆ ಬಟ್ಟೆಯ ಕವಚ, ಒಳಗೆ ಹವಾ ಹಿಡಿಯುವ ತೆಳು ಚೀಲ. ಇನ್ನೊಂದರಲ್ಲಿ ಚೀಲವೇ ಇಲ್ಲ, ಪಿವಿಸಿ ಲೇಪಿಸಿದ ದಪ್ಪ ಬಟ್ಟೆಯೇ ಹವಾ ಹಿಡಿಯುತ್ತದೆ. ರಬ್ಬರ್ ದೋಣಿಗಳಿಗೆ ಬಳಸುವ ಬಟ್ಟೆಯೇ ಇದು, 0.7ರಿಂದ 0.9 ಮಿ.ಮೀ. ದಪ್ಪ.

ಮುಳ್ಳಿನ ದೃಷ್ಟಿಯಿಂದ ಏಕಪದರದ್ದು ಗಟ್ಟಿ. ಶಾಖದ ದೃಷ್ಟಿಯಿಂದ ಅದರ ಜೋಡಣೆ ಹೇಗೆ ಮಾಡಿದ್ದಾರೆ ಎಂಬುದೇ ಎಲ್ಲ. ಅಂಟು ಹಚ್ಚಿ ಕೂಡಿಸಿದ ಪಿವಿಸಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ, ಅದರಲ್ಲೂ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ, ಅಂಟು ಮೆತ್ತಗಾಗಿ ತುದಿಯಿಂದ ಬಿಚ್ಚತೊಡಗುತ್ತದೆ. ಶಾಖದಿಂದ ಬೆಸೆದದ್ದರಲ್ಲಿ ಎರಡು ಪದರ ಕರಗಿ ಒಂದಾಗಿರುತ್ತವೆ. ಗುರುತು ಹೀಗೆ: ಬೆಸುಗೆಯ ಪಟ್ಟಿ ಉದ್ದಕ್ಕೂ ಒಂದೇ ಅಗಲ, ಸಮನಾದ ಒತ್ತು, ಅಂಚಿನಲ್ಲಿ ಜಿಗುಟಿಲ್ಲ. ಅಂಟಿನದಾದರೆ ಅಂಚಿನಲ್ಲಿ ಹಳದಿ ಗೆರೆ, ಒಣಗಿದ ಹನಿ ಕಾಣುತ್ತವೆ. ಅಂಚಿಗೆ ಉಗುರು ಕೊಟ್ಟು ಎತ್ತಿ ನೋಡಿ, ಉಗುರಿಗೆ ಎದ್ದರೆ ಬಿಡಿ.

ಒಳಚೀಲದ ಬಗೆಗೆ ಬೇರೆ ಅನುಕೂಲವಿದೆ. ಚೀಲ ಕೆಟ್ಟರೆ ಚೀಲವಷ್ಟೇ ಬದಲಿಸಬಹುದು. ಆದರೆ ಬದಲಿ ಚೀಲ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಸಿಗದಿದ್ದರೆ ಆ ಅನುಕೂಲ ಕಾಗದದ ಮೇಲಷ್ಟೇ. ಚೀಲ ಬ್ಯೂಟೈಲ್ ರಬ್ಬರಿನದಾದರೆ ಭಾರ ಹೆಚ್ಚು, ಆದರೆ ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ತೇಪೆ ಬೀಳುತ್ತದೆ. ವಿನೈಲ್ ಹಗುರ ಮತ್ತು ಅಗ್ಗ, ಮಡಚಿದಲ್ಲೇ ಮಡಚಿದರೆ ಸೀಳುತ್ತದೆ. ಯುರೆಥೇನ್ ಹಗುರವೂ ಹೌದು, ಗಟ್ಟಿಯೂ ಹೌದು, ಬೆಲೆ ಮಾತ್ರ ಚುರುಕು ಮುಟ್ಟಿಸುತ್ತದೆ.

ಒಳಚೀಲದ್ದನ್ನು ಕೊಳ್ಳುವಾಗ ಬಹುತೇಕರು ನೋಡದೆ ಬಿಡುವ ಸಂಗತಿಯೊಂದಿದೆ. ಚೀಲ ಕವಚಕ್ಕಿಂತ ತುಸು ದೊಡ್ಡದಿರಬೇಕು. ಆಗ ಹವಾದ ಒತ್ತಡವನ್ನು ಕವಚ ಹೊರುತ್ತದೆ, ಚೀಲ ಸೋರದಂತೆ ಕಾಯುವ ಕೆಲಸವನ್ನಷ್ಟೇ ಮಾಡುತ್ತದೆ. ಚೀಲ ಚಿಕ್ಕದಿದ್ದರೆ ಕವಚದ ಮೂಲೆ ಮುಟ್ಟಲು ಅದೇ ಹಿಗ್ಗಬೇಕು, ಹಿಗ್ಗಿದಲ್ಲಿ ತೆಳುವಾಗುತ್ತದೆ, ತೆಳುವಾದಲ್ಲಿ ಒಡೆಯುತ್ತದೆ. ಕವಚದ ಜಿಪ್ ತೆಗೆದು ಕೈ ಹಾಕಿ, ತುದಿಯಲ್ಲಿ ಚೀಲ ಸಡಿಲವಾಗಿ ಮಡಿಕೆ ಬಿದ್ದಿದ್ದರೆ ಒಳ್ಳೆಯ ಲಕ್ಷಣ.

ಹಂತ 5: ಹೊಲಿಗೆ, ಜಿಪ್, ವಾಲ್ವ್, ಕೊನೆಗೆ ಬಟ್ಟೆ

ಹೊಲಿಗೆ ಎರಡು ಸಾಲಿನದಿರಲಿ, ಬಟ್ಟೆಯ ಅಂಚು ಒಳಗೆ ಮಡಚಿರಲಿ. ಪಟ್ಟಿಗಳು ಕವಚಕ್ಕೆ ಸೇರುವಲ್ಲಿ ಚೌಕ ಹಾಕಿ ಅದರೊಳಗೆ ಅಡ್ಡಗೆರೆ ಎಳೆದಂತೆ ಹೊಲಿದಿರಬೇಕು. ದಾರ ಪಾಲಿಯೆಸ್ಟರಿನದೋ ಹತ್ತಿಯದೋ ತಿಳಿಯಲು ಒಳಗೆ ಜೋತುಬಿದ್ದ ತುಣುಕನ್ನು ಕತ್ತರಿಸಿ ಬೆಂಕಿಕಡ್ಡಿ ತಾಗಿಸಿ. ಕರಗಿ ಗುಂಡಾದರೆ ಪಾಲಿಯೆಸ್ಟರ್ ಅಥವಾ ನೈಲಾನ್, ಬೂದಿಯಾದರೆ ಹತ್ತಿ. ಹತ್ತಿ ದಾರ ಒದ್ದೆಯಾಗಿ ಒದ್ದೆಯಾಗಿ ಕೊಳೆಯುತ್ತದೆ, ಒಂದೆರಡು ಮಳೆಗಾಲ ದಾಟಿದರೆ ಹೆಚ್ಚು.

ಜಿಪ್ ಪ್ಲಾಸ್ಟಿಕ್ಕಿನ ದಪ್ಪ ಹಲ್ಲಿನದಿರಲಿ, ಲೋಹದ್ದು ಕಿಲುಬು ಹಿಡಿದು ಕಚ್ಚಿಕೊಳ್ಳುತ್ತದೆ. ಟ್ಯೂಬಿನ ಒತ್ತಡ ನೇರವಾಗಿ ಜಿಪ್ಪಿನ ಮೇಲೆ ಬೀಳದಂತೆ ಅದರ ಮೇಲೆ ಬಟ್ಟೆಯ ಮುಚ್ಚುಪಟ್ಟಿ ಇದ್ದರೆ ಲೇಸು. ಹವಾ ಜಾಸ್ತಿಯಾದಾಗ ಮೊದಲು ಸಿಡಿಯುವುದು ಇದೇ.

ವಾಲ್ವ್ ಮೂರು ತರದ್ದು ಕಾಣಸಿಗುತ್ತವೆ. ಮಕ್ಕಳ ಈಜುಬಳೆಗಿರುವಂಥ, ಚಿವುಟಿ ಊದುವ ಬಿರಡೆ ಇದ್ದರೆ ಅಲ್ಲಿಗೇ ಮಾತು ಮುಗಿಸಿ ಎದ್ದುಬನ್ನಿ. ಬೋಸ್ಟನ್ ವಾಲ್ವ್ ಎಂಬುದರಲ್ಲಿ ಒಳಗೊಂದು ರಬ್ಬರ್ ನಾಲಿಗೆ ಇದ್ದು ತುಂಬುವಾಗ ಹವಾ ಹಿಂದೆ ಬರದು, ದೊಡ್ಡ ಮುಚ್ಚಳ ತಿರುಗಿಸಿದರೆ ಒಮ್ಮೆಗೇ ಖಾಲಿಯಾಗುತ್ತದೆ. ನಾಲಿಗೆಯ ಕೆಳಗೆ ಒಂದು ಕಾಳು ಮರಳು ಸಿಕ್ಕರೂ ಸೋರುತ್ತದೆ, ತೊಳೆದರೆ ಸರಿಹೋಗುತ್ತದೆ. ಮೂರನೆಯದು ಒತ್ತಿ ತಿರುಗಿಸುವ ಸ್ಪ್ರಿಂಗ್ ವಾಲ್ವ್, ದೋಣಿಗಳಲ್ಲಿರುವಂಥದ್ದು. ಎಲ್ಲದರಲ್ಲಿ ಗಟ್ಟಿ. ಯಾವುದೇ ಆಗಲಿ, ವಾಲ್ವಿನ ಬುಡದ ಸುತ್ತ ಎರಡನೆಯ ಪದರದ ಬಿಲ್ಲೆ ಇದೆಯೇ ನೋಡಿ. ಪಂಪಿನ ನಳಿಗೆ ಎಳೆದಾಡಿ ಎಳೆದಾಡಿ ಸೀಳು ಶುರುವಾಗುವುದು ಆ ಬುಡದಿಂದ. ಪಂಪಿನ ಜೊತೆ ಬಂದ ಮೂತಿ ನಿಮ್ಮ ವಾಲ್ವಿಗೆ ಬಿಗಿಯಾಗಿ ಕೂಡುತ್ತದೆಯೇ ಎಂಬುದನ್ನೂ ಅಂಗಡಿಯಲ್ಲೇ ನೋಡಿಬಿಡಿ.

ಇನ್ನು ಬಟ್ಟೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಡೆನಿಯರ್. ಮಗ್ಗದ ಊರಾದ ಸೊಲ್ಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೆನಿಯರ್ ಹೇಳುವುದು ನೂಲಿನ ದಪ್ಪವನ್ನು ಮಾತ್ರ, ನೇಯ್ಗೆ ಬಿಗಿಯೋ ಸಡಿಲವೋ ಎಂಬುದನ್ನಲ್ಲ. 1000 ಡೆನಿಯರಿನ ಸಡಿಲ ಬಟ್ಟೆಗಿಂತ 600ರ ಬಿಗಿ ಬಟ್ಟೆ ಮೇಲು. ನೈಲಾನ್ ಉಜ್ಜಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ, ನೀರು ಕುಡಿದು ಸಡಿಲಾಗುತ್ತದೆ. ಪಾಲಿಯೆಸ್ಟರ್ ಬಿಸಿಲಿಗೆ ತಡೆಯುತ್ತದೆ. ಮೇಲ್ಭಾಗ ಪಾಲಿಯೆಸ್ಟರ್, ತಳಕ್ಕೆ ತಾಡಪತ್ರಿಯಂಥ ಪಿವಿಸಿ ಪದರ ಇರುವಂಥದ್ದು ಸಿಕ್ಕರೆ ನಮ್ಮ ಹವಾಮಾನಕ್ಕೆ ಅದಕ್ಕಿಂತ ಒಪ್ಪುವಂಥದ್ದು ಬೇರೆಯಿಲ್ಲ. ತಿಳಿ ಬಣ್ಣದ್ದಿರಲಿ, ಕಪ್ಪು ಬೇಡ.

ಲಾರಿ ಟ್ಯೂಬಿನಲ್ಲೇ ಮಾಡಿಕೊಳ್ಳುವುದಾದರೆ

ಇದು ಕೀಳು ಮಾಲಲ್ಲ. 10.00-20 ಅಳತೆಯ ಬ್ಯೂಟೈಲ್ ಟ್ಯೂಬು ಹವಾ ತುಂಬಿದಾಗ ಹೆಚ್ಚುಕಡಿಮೆ 140 ಲೀಟರ್ ಹಿಡಿಯುತ್ತದೆ. ಹಳೆಯದನ್ನು ಕೊಳ್ಳುವಾಗ ಎರಡೂ ಕೈಯಿಂದ ಜಗ್ಗಿ ನೋಡಿ, ಕೂದಲೆಳೆಯಂಥ ಬಿರುಕು ಕಂಡರೆ ಬೇಡ. ವಾಲ್ವಿನ ಬುಡದಿಂದ ನಾಲ್ಕು ಬೆರಳೊಳಗೆ ತೇಪೆ ಬಿದ್ದಿದ್ದರೂ ಬೇಡ.

ಟಾಯರಿನ ಒಳಗಿರುವಾಗ ಟ್ಯೂಬಿಗೆ ಟಾಯರಿನ ಆಸರೆ ಇರುತ್ತದೆ. ಹೊರಗೆ ಆ ಆಸರೆ ಇಲ್ಲ. ದುಂಡಗಾಗುವಷ್ಟು ತುಂಬಿ ನಿಲ್ಲಿಸಿ. ಇನ್ನೂ ತುಂಬಿದರೆ ದುರ್ಬಲವಾದ ಒಂದು ಕಡೆ ಗಂಟಲುವಾಳದಂತೆ ಊದಿಕೊಂಡು ಅಲ್ಲೇ ಒಡೆಯುತ್ತದೆ. ತಾಡಪತ್ರಿ ಹೊಲಿಯುವವರ ಬಳಿ ಟ್ಯೂಬಿನ ಸುತ್ತಳತೆಗಿಂತ ಎರಡು ಸೆಂ.ಮೀ. ಕಡಿಮೆ ಅಳತೆಗೆ ಕವಚ ಹೊಲಿಸಿದರೆ ಆ ಆಸರೆ ಮರಳಿ ಬರುತ್ತದೆ. ಲಾರಿ ಟ್ಯೂಬಿನ ಲೋಹದ ನಳಿಗೆ ಉದ್ದ ಮತ್ತು ಚೂಪು. ಅದನ್ನು ಸೈಕಲ್ ಟ್ಯೂಬಿನ ತುಂಡಿನಲ್ಲಿ ಸುತ್ತಿ, ಮೈಗೆ ತಾಗದ ಹೊರಬದಿಗೆ ತಿರುಗಿಸಿ ಕಟ್ಟಿ.

ಆಸನಕ್ಕೆ ನೈಲಾನ್ ಹಗ್ಗವನ್ನು ನೇರ ಟ್ಯೂಬಿಗೆ ಸುತ್ತಬೇಡಿ, ಭಾರ ಬಿದ್ದಾಗ ರಬ್ಬರನ್ನು ಕೊಯ್ಯುತ್ತದೆ. ಐದು ಸೆಂ.ಮೀ. ಅಗಲದ ಪಟ್ಟಿ ಬಳಸಿ. ಗುಜರಿಯಲ್ಲಿ ಸಿಗುವ ಕಾರಿನ ಸೀಟ್ ಬೆಲ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಗಂಟು ಹಾಕಬೇಡಿ, ಒದ್ದೆ ಗಂಟು ಬಿಚ್ಚುವುದಿಲ್ಲ. ಒತ್ತಿದರೆ ಬಿಡುವ ಬಕಲ್ ಹಾಕಿ. ಇಲ್ಲಿ ಹವಾ ಕೋಣೆ ಒಂದೇ ಎಂಬುದನ್ನು ಮರೆಯಬೇಡಿ. ಬೆನ್ನ ಹಿಂದೆ ಕಾರಿನ ಚಿಕ್ಕ ಟ್ಯೂಬನ್ನೋ, ಪ್ಯಾಕಿಂಗಿಗೆ ಬರುವ ದಪ್ಪ ಬಿಳಿ ಫೋಮ್ ಹಾಳೆಯ ಸುರುಳಿಯನ್ನೋ ಕಟ್ಟಿಕೊಳ್ಳಿ. ಥರ್ಮಾಕೋಲ್ ಪುಡಿಯಾಗಿ ಕೆರೆಯ ತುಂಬ ಹರಡುತ್ತದೆ, ಅದು ಬೇಡ.

ಹಂತ 6: ನೀರಿಗೆ ಒಯ್ಯುವ ಮುಂಚೆ ಮನೆಯಲ್ಲಿ

ಮರಳಿಸುವ ಗಡುವು ಮುಗಿಯುವುದರೊಳಗೆ ಈ ಕೆಲಸ ಆಗಬೇಕು. ಬೆಳಿಗ್ಗೆ ನೆರಳಿನಲ್ಲಿ, ಚಾದರ ಹಾಸಿದ ನೆಲದ ಮೇಲೆ ಟ್ಯೂಬು ತುಂಬಿ. ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂ.ಮೀ. ಒಳಹೋಗುವಷ್ಟು ಬಿಗಿ ಸಾಕು. ಹೊಸ ಬಟ್ಟೆ ಮೊದಲ ಸಲ ಹಿಗ್ಗುವುದರಿಂದ ಒಂದು ಗಂಟೆ ಬಿಟ್ಟು ಕೊರತೆ ತುಂಬಿ. ಆಮೇಲೆ ಸುತ್ತಳತೆ ತೆಗೆದು ಬರೆದಿಟ್ಟುಕೊಳ್ಳಿ. ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಅಳೆಯಿರಿ. ಮಧ್ಯಾಹ್ನ ತುಂಬಿ ಬೆಳಿಗ್ಗೆ ಅಳೆದರೆ ತಂಪಿಗೆ ಕುಗ್ಗಿದ್ದನ್ನೇ ಸೋರಿಕೆ ಎಂದುಕೊಳ್ಳುತ್ತೀರಿ. ಒಂದು ಸೆಂ.ಮೀ.ಗಿಂತ ಹೆಚ್ಚು ಇಳಿದಿದ್ದರೆ ಸೋಪಿನ ನೀರು ಹಚ್ಚಿ ವಾಲ್ವಿನ ಬುಡ, ಬೆಸುಗೆ, ಮೂಲೆಗಳಲ್ಲಿ ಗುಳ್ಳೆ ಹುಡುಕಿ.

ಸೋರದಿದ್ದರೆ ಆಸನದ ಮೇಲೆ ಕೂತು, ಎದ್ದು, ಆಚೀಚೆ ಹೊರಳಿ. ಇಪ್ಪತ್ತು ಸಲ ಹೀಗೆ ಮಾಡಿ ಪಟ್ಟಿಯ ಹೊಲಿಗೆ ನೋಡಿ. ರಂಧ್ರ ಅಗಲವಾಗಿ ದಾರ ಬೆಳ್ಳಗೆ ಕಾಣತೊಡಗಿದ್ದರೆ ಅದು ಬಿಚ್ಚುವ ಹೊಲಿಗೆ. ನಂತರ ಒಂದು ಕೋಣೆಯ ಹವಾ ಪೂರ್ತಿ ತೆಗೆದು ಸೊಂಟದುದ್ದದ ನೀರಿನಲ್ಲಿ, ಜಾಕೆಟ್ ತೊಟ್ಟು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಕೂತು ನೋಡಿ. ಉಳಿದ ಕೋಣೆ ನಿಮ್ಮನ್ನು ಎಷ್ಟು ಎತ್ತಿ ಹಿಡಿಯುತ್ತದೆ ಎಂಬುದು ನಡುನೀರಿನಲ್ಲಿ ಮೊದಲ ಸಲ ಗೊತ್ತಾಗಬಾರದು.

ಹಂತ 7: ಹವಾ ಮತ್ತು ಬಿಸಿಲಿನ ಲೆಕ್ಕ

ಟ್ಯೂಬಿಗೆ ಬೇಕಾದ ಒತ್ತಡ ಬಲು ಕಡಿಮೆ, ಒಂದು ಅಥವಾ ಎರಡು ಪಿಎಸ್‌ಐ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಪೆಟ್ರೋಲ್ ಬಂಕಿನ ಹವಾ ಯಂತ್ರ ಗಾಡಿಯ ಟಾಯರಿಗೆ ಮಾಡಿದ್ದು, ಇಷ್ಟು ಸಣ್ಣ ಒತ್ತಡವನ್ನು ಅದರ ಮುಳ್ಳು ತೋರಿಸುವುದೂ ಇಲ್ಲ. ಕಾಲಿನಿಂದ ತುಳಿಯುವ ಪಂಪು ಅಥವಾ ಮೇಲೆ ಕೆಳಗೆ ಎರಡೂ ಕಡೆ ಹವಾ ತಳ್ಳುವ ಕೈಪಂಪು ಸಾಕು. ಕಾರಿನ ಸಣ್ಣ ಕಂಪ್ರೆಸರ್ ಬಳಸುವುದಾದರೆ ಕೈ ಬಿಟ್ಟು ಅತ್ತಿತ್ತ ಹೋಗಬೇಡಿ, ಕೊನೆಯ ಭಾಗವನ್ನು ಕೈಪಂಪಿನಿಂದಲೇ ಮುಗಿಸಿ.

ಇಷ್ಟು ಸಣ್ಣ ಒತ್ತಡವಾದ್ದರಿಂದಲೇ ಬಿಸಿಲು ದೊಡ್ಡ ಆಟ ಆಡುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ ಒಂದು ಪಿಎಸ್‌ಐ ತುಂಬಿದ ಟ್ಯೂಬು ಹೊರಗೆ ಬಿಸಿಲಿನಲ್ಲಿ ಬಿದ್ದು ಒಳಗಿನ ಹವಾ 50 ಡಿಗ್ರಿಗೆ ಏರಿತು ಎನ್ನಿ. ಶಾಖಕ್ಕೆ ಹಿಗ್ಗುವುದು ನೀವು ತುಂಬಿದ ಆ ಒಂದು ಪಿಎಸ್‌ಐ ಮಾತ್ರವಲ್ಲ, ವಾತಾವರಣದ 14.7 ಸೇರಿ ಒಟ್ಟು 15.7. ಅದು ಶೇ 8ರಷ್ಟು ಏರಿದರೆ 17 ಮುಟ್ಟುತ್ತದೆ. ಅಂದರೆ ಹೊಲಿಗೆಯ ಮೇಲಿನ ಒತ್ತಡ ಒಂದರಿಂದ ಎರಡೂಕಾಲಿಗೆ ಹೋಯಿತು. ಬಟ್ಟೆ ತುಸು ಹಿಗ್ಗಿ ಇದನ್ನು ಸ್ವಲ್ಪ ತಗ್ಗಿಸುತ್ತದೆ, ಪೂರ್ತಿ ತಗ್ಗಿಸುವುದಿಲ್ಲ. ದಂಡೆಯ ಮೇಲೆ ಬಿಟ್ಟು ಊಟಕ್ಕೆ ಕೂತಾಗ ಜಿಪ್ ಸಿಡಿಯುವುದಕ್ಕೆ ಇದೇ ಕಾರಣ.

ತಿರುಗಿಸಿದರೂ ಲೆಕ್ಕ ಅಷ್ಟೇ ಕಟುವಾದದ್ದು. 45 ಡಿಗ್ರಿ ಶಾಖದಲ್ಲಿ ಒಂದು ಪಿಎಸ್‌ಐ ತುಂಬಿ 27 ಡಿಗ್ರಿಯ ನೀರಿಗಿಳಿದರೆ ಒತ್ತಡ ಹೆಚ್ಚುಕಡಿಮೆ ಸೊನ್ನೆಗಿಳಿಯುತ್ತದೆ. ಟ್ಯೂಬು ಮೆತ್ತಗಾಗಿ, ಆಸನ ಕುಸಿದು, ಸೋರುತ್ತಿದೆಯೆಂದು ಗಾಬರಿ ಹುಟ್ಟಿಸುತ್ತದೆ. ಮಾಡಬೇಕಾದ್ದು ಸರಳ. ದಂಡೆಯಲ್ಲಿ ಮುಕ್ಕಾಲು ಪಾಲು ತುಂಬಿ, ಟ್ಯೂಬನ್ನು ನೀರಿನಲ್ಲಿ ಹತ್ತು ನಿಮಿಷ ತೇಲಿಬಿಟ್ಟು ತಣಿಸಿ, ಆಮೇಲೆ ಉಳಿದದ್ದು ತುಂಬಿ. ದಂಡೆಗೆ ಎತ್ತಿದ ಕೂಡಲೇ ಪ್ರತಿ ಕೋಣೆಯಿಂದ ಸ್ವಲ್ಪ ಹವಾ ಬಿಡಿ, ನೆರಳಿಗೆ ಎಳೆದು ಒದ್ದೆ ಟವೆಲ್ ಹೊದಿಸಿ.

ಹಂತ 8: ದಂಡೆ, ಮುಳ್ಳು, ಗಾಳಿ

ಬಳ್ಳಾರಿ ಜಾಲಿಯ ಮುಳ್ಳು, ಮರಾಠಿಯವರ ವೇಡಿ ಬಾಭೂಳ, ಕೆರೆಯ ಏರಿಯುದ್ದಕ್ಕೂ ಬಿದ್ದಿರುತ್ತದೆ. ಟ್ಯೂಬನ್ನು ನೆಲದ ಮೇಲೆ ಎಳೆಯಬೇಡಿ. ಎರಡು ಮೀಟರ್ ಉದ್ದಗಲದ ತಾಡಪತ್ರಿ ಹಾಸಿ ಅದರ ಮೇಲೆ ತುಂಬಿ, ಅಲ್ಲಿಂದ ಎತ್ತಿಕೊಂಡೇ ನೀರಿಗೆ ಹೋಗಿ. ನಿಮ್ಮ ಬೂಟಿನ ತಳ, ಪ್ಯಾಂಟಿನ ಅಂಚು ಕೂಡ ನೋಡಿಕೊಳ್ಳಿ, ಅನೇಕ ಪಂಕ್ಚರು ಕೂತವರ ಬೂಟಿನಿಂದಲೇ ಬರುತ್ತವೆ. ಉಜನಿಯಂಥ ಜಲಾಶಯ ಬೇಸಿಗೆಯಲ್ಲಿ ಇಳಿದಾಗ ಮುಳುಗಿದ್ದ ಗಿಡದ ಬೊಡ್ಡೆ, ಹಳೆಯ ಗೋಡೆಯ ಕಲ್ಲು ನೀರಿನ ಮಟ್ಟಕ್ಕೆ ಬರುತ್ತವೆ. ಪಳಸದೇವದ ಮುಳುಗಿದ ಗುಡಿಯೇ ಹಾಗೆ ಮೇಲೇಳುತ್ತದೆ. ಅಂಥ ಕಡೆ ನೀರು ಇಳಿದ ಹೊಸ ಅಂಚಿನಿಂದ ಒಳಗೆ ಮೆಲ್ಲಗೆ ಸಾಗಿ.

ಮೀನಿನ ಮುಳ್ಳೂ ಕಡಿಮೆಯದಲ್ಲ. ಜಿಲೇಬಿಯ ಬೆನ್ನಿನ ಮುಳ್ಳು, ಶಿಂಗಾಡಿ ಎಂಬ ಮೀಸೆಮೀನಿನ ಗರಗಸದಂಥ ಪಕ್ಕದ ಮುಳ್ಳು ತೆಳು ಚೀಲವನ್ನು ಸುಲಭವಾಗಿ ತೂರುತ್ತವೆ. ತೊಡೆಯ ಮೇಲಿಂದ ಎರಡೂ ತೋಳು ಮುಚ್ಚುವಂತೆ ದಪ್ಪ ಕ್ಯಾನ್ವಾಸ್ ತುಂಡು ಹಾಸಿಕೊಂಡು ಅದರ ಮೇಲೆಯೇ ಗಾಳ ಬಿಡಿಸಿ. ಮೂರು ಮೊನೆಯ ಕೊಕ್ಕೆ ಬದಲು ಒಂಟಿ ಕೊಕ್ಕೆ ಕಟ್ಟಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿ. ಚಾಕು ಮಡಚುವಂಥದ್ದಿರಲಿ. ಬಲೆ ಕಾಲಿಗೆ ಸಿಕ್ಕಿದರೆ ಕತ್ತರಿಸಲು ಮೊಂಡು ತುದಿಯ ಕತ್ತರಿಯೊಂದು ಎದೆಯ ಹತ್ತಿರ ಕಟ್ಟಿಕೊಂಡಿರಬೇಕು.

ಇಳಿಯುವ ಜಾಗ ಮುರುಮಿನದೋ ಕಲ್ಲಿನದೋ ಆಗಿರಲಿ. ನೀರು ಇಳಿದ ಎರೆಮಣ್ಣಿನ ಕೆಸರು ಮೇಲೆ ಒಣಗಿದಂತೆ ಕಂಡರೂ ಮೊಣಕಾಲ ತನಕ ಹೂಳುತ್ತದೆ, ಫಿನ್ ಕಟ್ಟಿದ ಕಾಲನ್ನು ಅದರಿಂದ ಕೀಳುವುದು ಸುಲಭವಲ್ಲ. ಮೊಣಕಾಲುದ್ದ ನೀರಿನಲ್ಲಿ ಟ್ಯೂಬಿನ ಮೇಲೆ ಕೂತ ನಂತರವೇ ಫಿನ್ ತೊಡಿ, ಅದಕ್ಕೆ ದಾರ ಕಟ್ಟಿ ಹಿಮ್ಮಡಿಗೆ ಸಿಕ್ಕಿಸಿ. ಫಿನ್ ಹೋಯಿತೆಂದರೆ ಹುಟ್ಟು ಕಳೆದ ದೋಣಿ ನೀವು. ಫಿನ್ ತೊಟ್ಟು ನಡೆಯಬೇಕಾದರೆ ಹಿಂದುಮುಂದಾಗಿ ನಡೆಯಿರಿ.

ಗಾಳಿಯ ವಿಷಯದಲ್ಲಿ ಉಡಾಫೆ ಸಲ್ಲದು. 2024ರ ಮೇ 21ರಂದು ಉಜನಿಯಲ್ಲಿ ಬಿರುಗಾಳಿಗೆ ಪ್ರಯಾಣಿಕರ ದೋಣಿ ಮುಗುಚಿ ಆರು ಜನ ಜೀವ ಕಳೆದುಕೊಂಡರು. ಅದು ಯಂತ್ರದ ದೋಣಿ, ನಿಮ್ಮದು ಕಾಲಿನಿಂದ ಒದೆಯುವ ಟ್ಯೂಬು. ಮುಂಗಾರಿಗೆ ಮುಂಚಿನ ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟುತ್ತಿದ್ದರೆ ನೀರಿಗೇ ಇಳಿಯಬೇಡಿ. ಉಳಿದ ದಿನಗಳಲ್ಲೂ ಬೆಳಗಿನ ಹತ್ತರೊಳಗೆ ಮುಗಿಸುವುದು ಒಳ್ಳೆಯದು. ಅಲೆಯ ನೆತ್ತಿಯಲ್ಲಿ ಬಿಳಿ ನೊರೆ ಒಡೆಯತೊಡಗಿದರೆ ಫಿನ್ನಿನ ಶಕ್ತಿ ಸಾಲದು, ಅಷ್ಟರೊಳಗೆ ದಂಡೆಯಲ್ಲಿರಬೇಕು. ಗಾಳಿ ಯಾವ ದಂಡೆಯ ಕಡೆ ಬೀಸುತ್ತಿದೆಯೋ ಆ ದಂಡೆಯಿಂದ ಇಳಿಯಿರಿ. ಸುಸ್ತಾದರೆ ಗಾಳಿಯೇ ನಿಮ್ಮನ್ನು ಹೊರಟಲ್ಲಿಗೆ ತಂದು ಮುಟ್ಟಿಸುತ್ತದೆ. ಮರೆಯಿದೆ, ನೀರು ಶಾಂತವಿದೆ ಎಂದು ಎದುರು ದಂಡೆಯಿಂದ ಇಳಿದವರನ್ನು ಅದೇ ಗಾಳಿ ನಡುನೀರಿಗೆ ಒಯ್ಯುತ್ತದೆ.

ಲೈಫ್ ಜಾಕೆಟ್ ತೊಟ್ಟೇ ಇಳಿಯಬೇಕು. ಈಜು ಬಲ್ಲವರಿಗೆ ತೇಲಿಸುವ ಬಲ 50 ನ್ಯೂಟನ್ ಇರುವುದು ನಡೆಯುತ್ತದೆ, ಬಾರದವರಿಗೆ 100 ನ್ಯೂಟನ್ನಿನದು ಬೇಕು. ಕೊರಳಿಗೊಂದು ಸೀಟಿ, ದಂಡೆಯಲ್ಲಿ ಒಬ್ಬ ಜೊತೆಗಾರ.

ಪಂಕ್ಚರ್ ಆದಾಗ

ಸೈಕಲ್ ಅಂಗಡಿಯ ಸೊಲ್ಯೂಷನ್ ಬ್ಯೂಟೈಲ್ ರಬ್ಬರಿಗೆ ಮಾತ್ರ. ಪಿವಿಸಿಗೆ ಅದನ್ನು ಹಚ್ಚಿದರೆ ಒಂದು ದಿನ ಹಿಡಿದಂತೆ ತೋರಿ ಮರುದಿನ ಸಿಪ್ಪೆಯಂತೆ ಎದ್ದುಬರುತ್ತದೆ. ಹಳೆಯ ಅಂಟು ಪೂರ್ತಿ ಕೆರೆದು ತೆಗೆಯುವುದು ಆಮೇಲೆ ದೊಡ್ಡ ಉಸಾಬರಿ. ಪಿವಿಸಿಗೆ ಪಿವಿಸಿ ದೋಣಿಯ ಅಂಟು, ಯುರೆಥೇನಿಗೆ ಯುರೆಥೇನಿನದೇ ಅಂಟು. ಕೊಳ್ಳುವ ದಿನವೇ ಒಂದು ಟ್ಯೂಬ್ ಅಂಟು, ಅದೇ ಬಟ್ಟೆಯ ಅಂಗೈಯಗಲದ ಎರಡು ತುಂಡು ತೆಗೆದಿಟ್ಟುಕೊಳ್ಳಿ.

ಪಿವಿಸಿಗೆ ತೇಪೆ ಹಾಕುವ ಕ್ರಮ ಹೀಗೆ. ಹವಾ ಪೂರ್ತಿ ತೆಗೆದು ಜಾಗವನ್ನು ಸಮತಟ್ಟಾಗಿ ಹಾಸಿ. ರಂಧ್ರದ ಸುತ್ತ ಎಲ್ಲ ಕಡೆ ಐದು ಸೆಂ.ಮೀ. ಬರುವಂತೆ ತೇಪೆ ಕತ್ತರಿಸಿ, ಮೂಲೆಗಳನ್ನು ದುಂಡು ಮಾಡಿ, ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಎರಡೂ ಮೈಯನ್ನು ಅಸಿಟೋನ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ. ತೆಳುವಾಗಿ ಅಂಟು ಸವರಿ, ಹತ್ತು ನಿಮಿಷ ಬಿಟ್ಟು ಎರಡನೆಯ ಸಲ ಸವರಿ, ಬೆರಳಿಗೆ ಜಿಗುಟು ಮಾತ್ರ ತಾಗಿ ಅಂಟು ಹತ್ತದಂತಾದಾಗ ಕೂಡಿಸಿ. ನಡುವಿನಿಂದ ಅಂಚಿನ ಕಡೆಗೆ ಚಮಚದ ಬೆನ್ನಿನಿಂದ ಉಜ್ಜಿ ಗುಳ್ಳೆ ಹೊರಹಾಕಿ. ಮೇಲೆ ಭಾರ ಇಟ್ಟು 24 ಗಂಟೆ ಮುಟ್ಟದೆ ಬಿಡಿ. ಅವಸರಕ್ಕೆ ಎರಡೇ ಗಂಟೆಗೆ ಹವಾ ತುಂಬಿದ ತೇಪೆ ನಿಲ್ಲುವುದಿಲ್ಲ. ಮಳೆಗಾಲದ ತೇವದಲ್ಲಿ ಹಚ್ಚಿದ್ದೂ ಹಾಗೇ, ಒಣ ದಿನಕ್ಕೆ ಕಾಯಿರಿ.

ಸೊಳ್ಳೆ ಮುಲಾಮಿನ ಬಗ್ಗೆ ಒಂದು ಎಚ್ಚರಿಕೆ. ಡೀಟ್ ಇರುವ ಮುಲಾಮು ವಿನೈಲ್, ಪಿವಿಸಿಗಳನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಹಚ್ಚಿಕೊಂಡ ಕೈ ತೊಳೆಯದೆ ಟ್ಯೂಬು, ವಾಲ್ವ್ ಮುಟ್ಟಬೇಡಿ. ಪೆಟ್ರೋಲ್, ಡೀಸೆಲ್ ತಾಗಿದ್ದರೂ ಅಂದೇ ಸೋಪಿನಿಂದ ತೊಳೆಯಿರಿ.

ತೆಗೆದಿಡುವುದು

ಪ್ರತಿ ಸಲ ಬಂದ ಮೇಲೆ ಸಿಹಿನೀರಿನಿಂದ ತೊಳೆದು, ಕವಚದ ಜಿಪ್ ತೆರೆದು ಒಳಗಿನ ಮರಳು ಝಾಡಿಸಿ. ಕವಚಕ್ಕೂ ಚೀಲಕ್ಕೂ ನಡುವೆ ಉಳಿದ ಮರಳು ಪ್ರತಿ ಒದೆತಕ್ಕೂ ಚೀಲವನ್ನು ಉಜ್ಜಿ ಸವೆಸುತ್ತದೆ. ನೆರಳಿನಲ್ಲಿ ಒಣಗಿಸಿ, ಚೀಲದ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ, ಎಣ್ಣೆ ಬೇಡ, ಅದು ಧೂಳು ಹಿಡಿಯುತ್ತದೆ. ಮಡಚಿ ಗಂಟು ಕಟ್ಟುವುದಕ್ಕಿಂತ ಅರ್ಧ ಹವಾ ಬಿಟ್ಟು ಗೋಡೆಗೆ ಒರಗಿಸಿಡುವುದು ಮೇಲು. ಜಾಗವಿಲ್ಲದಿದ್ದರೆ ಸುರುಳಿ ಸುತ್ತಿ, ಪ್ರತಿ ಸಲ ಬೇರೆ ಕಡೆಯಿಂದ ಶುರುಮಾಡಿ. ಪತ್ರಾಸಿನ ಮಾಡಿನ ಕೆಳಗಿನ ಅಟ್ಟ ಬೇಡ, ಬೇಸಿಗೆಯಲ್ಲಿ ಅದು ಒಲೆ. ಮೀನಿನ ವಾಸನೆ ಉಳಿದಿದ್ದರೆ ಇಲಿ ಬಂದೇ ಬರುತ್ತದೆ, ಆದ್ದರಿಂದ ಜೇಬು, ಕ್ಯಾನ್ವಾಸ್ ತುಂಡನ್ನು ಬೇರೆ ತೊಳೆದು, ಸುರುಳಿ ಸುತ್ತಿದ ಟ್ಯೂಬಾದರೆ ಮುಚ್ಚಳವಿರುವ ಡ್ರಮ್ಮಿನಲ್ಲಿಡಿ.